ಕಬ್ಬಿಣದ ಟಗರು, ನಾನು, ನನ್ನ ಏರ್ ಗನ್

ಕೆಲವರ ಕೈಗೆ ಏನು ಕೊಟ್ಟರೂ ಕೆಲಸ ಆಗುತ್ತದೆ, ನನ್ನ ಕೈಗೆ ಏನು ಕೊಟ್ಟರೂ ಫಜೀತಿ ಆಗುತ್ತದೆ. ವಿಜಯನಗರದಲ್ಲಿ ಮನೆ, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷಿಸುವ ಕೆಲಸ. ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಆ ಕಾಲದಲ್ಲಿ, ಯಾವ ಗ್ರಹಚಾರವೋ, ಕೆಂಗೇರಿ ಆಚೆಯ ಒಂದು ಪುಟ್ಟ ಶೂಟಿಂಗ್ ಕ್ಲಬ್ಬಿಗೆ ಸೇರಿದೆ.

ಅಲ್ಲಿನ ಆಟ ಇಷ್ಟೇ. ಅಂಗೈ ಅಗಲದ ಕಬ್ಬಿಣದ ಕೋಳಿ, ಹಂದಿ, ಟರ್ಕಿ ಕೋಳಿ, ಟಗರುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಯಾವುದಕ್ಕೂ ಒರಗದೆ, ಎಲ್ಲೂ ಮೊಣಕೈ ಊರದೆ, ನಿಂತುಕೊಂಡೇ ಏರ್ ಗನ್ನಿನಿಂದ ಹೊಡೆದು ಬೀಳಿಸಬೇಕು. ಎಡದಿಂದ ಬಲಕ್ಕೆ, ಸರದಿ ಪ್ರಕಾರ, ಒಂದಕ್ಕೆ ಒಂದೇ ಗುಂಡು. ಟಗರು ಎಲ್ಲಕ್ಕಿಂತ ದೂರ. ಎರಡು ವರ್ಷದಲ್ಲಿ ನಾನು ಒಂದು ಟಗರನ್ನೂ ಬೀಳಿಸಿರಲಿಲ್ಲ.

ಕಲಿಸುತ್ತಿದ್ದವರು ರಿಟೈರಾದ ಸುಬೇದಾರರು. "ಕ್ಲಬ್ಬಿನ ಗನ್ನು ನಿಮ್ಮ ಮೈಗೆ ಕೂರ್ತಿಲ್ಲ. ಸ್ವಂತದ್ದು ತಗೊಂಡು ಹಿಡಿ ಸರಿ ಮಾಡಿಸ್ಕೊಳ್ಳಿ. ಆಯುಧಪೂಜೆ ಮಾರನೇ ದಿನದ ಪಂದ್ಯದಲ್ಲಿ ಒಂದೇ ಒಂದು ಟಗರು ಬೀಳ್ಸಿ, ಟೀಮಿನ ನಾಲ್ಕನೇ ಜಾಗ ನಿಮ್ದು. ಇಲ್ಲಾಂದ್ರೆ ಬೇರೆಯವ್ರಿಗೆ ಕೊಡ್ತೀನಿ" ಅಂದರು. ಆ ಜಾಗದ ಮೇಲೆ ನನಗೆಷ್ಟು ಆಸೆ ಇತ್ತೆಂದು ಹೇಳಿಕೊಳ್ಳಲು ಈಗಲೂ ನಾಚಿಕೆ. ಸ್ಕೂಲಿನ ಖೋ ಖೋ ಟೀಮಿಗೂ ನನ್ನನ್ನು ಯಾರೂ ಸೇರಿಸಿಕೊಂಡಿರಲಿಲ್ಲ.

ಕನ್ನಡಿಯಲ್ಲಿ ಕಂಡವನು

ಗನ್ನು ಕೊಳ್ಳಲು ಹೋದರೆ ಅಂಗಡಿಯವನು ಒಂದು ಭಾರೀ ಗನ್ ಕೈಗಿತ್ತು, "ಖಾಲಿ ಇದೆ ಸಾರ್. ಬಾಗಿಲಲ್ಲಿ ನಿಂತು ಎದುರಿನ ಬೋರ್ಡಿಗೆ ಗುರಿ ಹಿಡೀರಿ, ತೂಕ ಗೊತ್ತಾಗುತ್ತೆ" ಅಂದ. ಹಿಡಿದೆ. ಭಾರಕ್ಕೆ ಗನ್ನಿನ ತುದಿ ಮೆಲ್ಲನೆ ಇಳಿಯುತ್ತಾ ಬಂತು. ಬೋರ್ಡಿನ ಕೆಳಗಿದ್ದದ್ದು ಕ್ಷೌರದ ಅಂಗಡಿ. ಮುಖಕ್ಕೆ ನೊರೆ ಬಳಿಸಿಕೊಂಡು ಕೂತಿದ್ದ ದಪ್ಪ ಮನುಷ್ಯರೊಬ್ಬರು ಕನ್ನಡಿಯಲ್ಲಿ ನನ್ನನ್ನು ನೋಡಿ, ಹೊದ್ದಿದ್ದ ಬಟ್ಟೆಯ ಸಮೇತ ಎರಡೂ ಕೈ ಮೇಲೆತ್ತಿದರು.

ನಾನು ಗಾಬರಿಯಾಗಿ ರಸ್ತೆ ದಾಟಿ ಓಡಿದೆ. ಗನ್ನು ಕೈಯಲ್ಲೇ ಇದೆ ಅನ್ನುವುದು ನೆನಪಾದದ್ದು ಒಳಗೆ ಹೋದ ಮೇಲೆ. "ಕ್ಷಮಿಸಿ ಸಾರ್, ಇದು ಖಾಲಿ, ನಾನು ತೂಕ ನೋಡ್ತಿದ್ದೆ" ಅಂದರೂ ಅವರು ಕಲ್ಲಿನ ಹಾಗೆ ಕೂತೇ ಇದ್ದರು. ಕ್ಷೌರಿಕ ಮಾತ್ರ ನಿರಾಳವಾಗಿದ್ದ.

"ಅಲ್ಲಾಡ್ಬೇಡಿ ಅಲ್ಲಾಡ್ಬೇಡಿ ಅಂತ ಆಗಿಂದ ಬಡ್ಕೋತಿದ್ದೆ, ಕೇಳ್ತಿರ್ಲಿಲ್ಲ ಸಾರ್. ಇನ್ನೈದು ನಿಮಿಷ ಅಲ್ಲೇ ನಿಂತಿರಿ, ಮುಗಿಸ್ಬಿಡ್ತೀನಿ."

ಗಜಾಯ

ಕೊನೆಗೆ ಕೊಂಡದ್ದು ಹಗುರವಾದ ಗನ್ನು. ಆದರೆ ಅದರ ಮರದ ಹಿಡಿ ನನಗೆ ತಗ್ಗು. ಭುಜಕ್ಕೆ ಆನಿಸಿದರೆ ಕೆನ್ನೆ ಗಾಳಿಯಲ್ಲಿ, ಕೆನ್ನೆ ಆನಿಸಿದರೆ ಕಣ್ಣು ಎಲ್ಲೋ. ಬಸವೇಶ್ವರನಗರದ ಆಚಾರರೊಬ್ಬರ ಹತ್ತಿರ ಹೋದೆ. ಅವರು ಬಾಗಿಲು, ದೇವರ ಮಂಟಪ ಮಾಡುವುದರಲ್ಲಿ ಹೆಸರಾದವರು. ಹೊಸ ಹಿಡಿ ಭುಜಕ್ಕೆ ಆನುವ ತುದಿಯಿಂದ ಬೆರಳಿಡುವ ಜಾಗಕ್ಕೆ ಹದಿಮೂರೂಕಾಲು ಇಂಚು ಇರಬೇಕು ಅಂತ ಚೀಟಿ ಬರೆದುಕೊಟ್ಟೆ.

ವಾರ ಬಿಟ್ಟು ಹೋದರೆ ಹಿಡಿ ಸಿದ್ಧ. ಬೀಟೆ ಮರ, ಕೆನ್ನೆಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು, ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಅಳೆದು ನೋಡಿದರೆ ಹದಿನಾಲ್ಕು ಇಂಚು. ಕಾರ್ಖಾನೆಯಲ್ಲಾಗಿದ್ದರೆ ಮುಲಾಜಿಲ್ಲದೆ ವಾಪಸ್ ಕಳಿಸುತ್ತಿದ್ದೆ.

"ಆಚಾರ್ರೇ, ಮುಕ್ಕಾಲು ಇಂಚು ಜಾಸ್ತಿ ಆಗಿದ್ಯಲ್ಲಾ?"

"ನೀವು ಬರ್ಕೊಟ್ಟ ಅಳತೆಗೆ ಕಾಕಾಯ ಬರುತ್ತೆ ಸಾರ್. ದರಿದ್ರ ಆಯ. ನನ್ನ ಕೈಯಿಂದ ಅಂಥದ್ದು ಮಾಡಲ್ಲ. ಮನೆಗೆ ಶುಭ ಅಂತ ಗಜಾಯಕ್ಕೆ ತಂದಿದೀನಿ."

"ಇದೇನು ಮನೆ ಬಾಗಿಲೇ? ಕಂಕುಳಿಗೆ ಸಿಕ್ಕಾಕ್ಕೊಳ್ಳುತ್ತೆ. ಗುರಿ ತಪ್ಪುತ್ತೆ."

ಅವರು ಉಳಿ ಒರೆಸುತ್ತಾ ಹೇಳಿದರು: "ತಪ್ಪಲಿ ಬಿಡಿ ಸಾರ್. ಮನೇಲಿ ನೆಮ್ಮದಿ ಇರುತ್ತೆ."

ಸಂಡಿಗೆ ಕಾವಲು

ಗಜಾಯವನ್ನು ಒಗ್ಗಿಸಿಕೊಳ್ಳಲು ದಿನಾ ಬೆಳಿಗ್ಗೆ ತಾರಸಿಯಲ್ಲಿ ಖಾಲಿ ಗನ್ನು ಹಿಡಿದು ಅಲ್ಲಾಡದೆ ನಿಲ್ಲತೊಡಗಿದೆ. ಪಕ್ಕದ ಮನೆಯ ಆಂಟಿ ನಾಲ್ಕು ದಿನ ನೋಡಿದರು. ಐದನೇ ದಿನ, "ಹೆಂಗೂ ಸುಮ್ನೆ ನಿಂತಿರ್ತೀರ, ನಮ್ಮ ಸಂಡಿಗೆನೂ ನೋಡ್ಕೊಳ್ಳಿ" ಅಂತ ಸೀರೆ ಹಾಸಿ ಹೋದರು. ವಾರದೊಳಗೆ ಇಡೀ ಬೀದಿಯ ಸಂಡಿಗೆ, ಹಪ್ಪಳ ನಮ್ಮ ತಾರಸಿಗೆ ಬಂದಿತು.

ಕಾಗೆಗಳು ಎರಡು ದಿನ ಹೆದರಿದವು. ಮೂರನೇ ದಿನ ಒಂದು ಕಾಗೆ ನನ್ನ ಗನ್ನಿನ ನಳಿಗೆಯ ಮೇಲೇ ಬಂದು ಕೂತು, ಸಂಡಿಗೆ ಯಾವ ಕಡೆ ಒಣಗಿದೆ ಅಂತ ನಿಧಾನವಾಗಿ ನೋಡಿತು. ಅವಮಾನ ತಡೆಯಲಾರದೆ ಸುಬೇದಾರರಿಗೆ ಫೋನು ಮಾಡಿ ತೋಡಿಕೊಂಡೆ.

"ಎಷ್ಟೊತ್ತು ಕೂತಿತ್ತು?"

"ಒಂದು ನಿಮಿಷ ಇರ್ಬಹುದು ಸಾರ್."

"ಹಂಗಾದ್ರೆ ಕೈ ನಿಂತಿದೆ. ಪಂದ್ಯಕ್ಕೆ ಬನ್ನಿ."

ಐದು ಟಗರು

ಪಂದ್ಯದ ದಿನ ಕೋಳಿ ಎರಡು ಬಿದ್ದವು, ಹಂದಿ ಒಂದು, ಟರ್ಕಿ ಸೊನ್ನೆ. ಕೊನೆಗೆ ಟಗರು. ಐದು ಟಗರು, ಐದು ಗುಂಡು. ಮೊದಲನೇ ಟಗರಿಗೆ ಗುರಿ ಇಟ್ಟು ಹೊಡೆದೆ. ಟಣ್ ಅಂತು. ಮರುಕ್ಷಣ ಐದಕ್ಕೆ ಐದೂ ಟಗರು ಒಟ್ಟಿಗೆ ಮಗುಚಿಕೊಂಡವು.

ಸುಬೇದಾರರು ಬಾಯಿ ತೆರೆದುಕೊಂಡು ನನ್ನನ್ನು ನೋಡಿದರು. ನಾನೂ ನನ್ನ ಗನ್ನನ್ನು ಭಕ್ತಿಯಿಂದ ನೋಡಿದೆ.

ಹತ್ತಿರ ಹೋಗಿ ನೋಡಿದರೆ, ರಾಯಚೂರು ಕಡೆಯ ನಮ್ಮ ಕಾವಲುಗಾರ ಹಿಂದಿನ ದಿನ ಕ್ಲಬ್ಬಿನ ಕಬ್ಬಿಣವನ್ನೆಲ್ಲ ಪೂಜೆ ಮಾಡಿದ್ದ. ಐದು ಟಗರಿನ ಕೊರಳಿಗೂ ಸೇರಿಸಿ ಒಂದೇ ಸೇವಂತಿಗೆ ಮಾಲೆ. ಪಂದ್ಯಕ್ಕೆ ಮುಂಚೆ ಹೂವು ಕಿತ್ತಿದ್ದ, ದಾರ ಬಿಚ್ಚಿರಲಿಲ್ಲ. ಗುಂಡಿನ ಗುರುತು ಇದ್ದದ್ದು ಮೂರನೇ ಟಗರಿನ ಮೇಲೆ.

"ನೀವು ಗುರಿ ಇಟ್ಟಿದ್ದು ಯಾವುದಕ್ಕೆ?" ಸುಬೇದಾರರು ಕೇಳಿದರು.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೂ "ಮೊದಲನೇದಕ್ಕೆ ಸಾರ್" ಅಂದೆ. ಸರದಿ ತಪ್ಪಿದ್ದರಿಂದ ಆ ಗುಂಡು ಲೆಕ್ಕಕ್ಕಿಲ್ಲ. ಸುಬೇದಾರರು ಕಾವಲುಗಾರನನ್ನು ಎಲ್ಲರೆದುರು ಬೈದರು. ಪಾಪ, ಅವನು ದಾರ ಬಿಚ್ಚಿ, ತಲೆ ತಗ್ಗಿಸಿಕೊಂಡು ಟಗರುಗಳನ್ನು ಮತ್ತೆ ನಿಲ್ಲಿಸಿದ.

ಎರಡನೇ ಗುಂಡು ಹೋಯಿತು. ಮೂರನೆಯದೂ, ನಾಲ್ಕನೆಯದೂ ಹೋದವು. ನನ್ನ ಜಾಗವೂ ಹೋಯಿತು ಅಂದುಕೊಂಡು, ಇನ್ನೇನು ಕಳೆದುಕೊಳ್ಳುವುದಿದೆ ಅಂತ ಐದನೆಯದನ್ನು ಹೊಡೆದೆ. ಟಣ್. ಕೊನೆಯ ಟಗರು ಹಿಂದಕ್ಕೆ ವಾಲಿತು, ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ವಾಲಿ ದೊಪ್ಪನೆ ಬಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಮೆಲ್ಲನೆ ಕಾವಲುಗಾರನ ಕಡೆ ತಿರುಗಿದರು. ಅವನು ಎರಡೂ ಕೈ ಜೋಡಿಸಿ, ಅಳು ಬಂದವನ ಹಾಗೆ ಹೇಳಿದ:

"ಸಾಹೇಬ್ರ, ದೇವರಾಣೆ ಮಾಡಿ ಹೇಳ್ತೀನ್ರಿ. ಇದನ್ನ ಅವರೇ ಹೊಡದಾರ್ರಿ."