ಇಪ್ಪತ್ತೆರಡು ವರ್ಷದ ಪೆಂಡಿಂಗ್ ಸೂರ್ಯಾಸ್ತ

ನಮ್ಮ ಯಜಮಾನರ ಜೊತೆ ಹೊಸಿಲು ದಾಟಿದರೆ ಸಾಕು, ಒಂದಲ್ಲ ಒಂದು ಎಡವಟ್ಟು ಆಗಿಯೇ ಆಗುತ್ತದೆ. ಇಂಥದ್ದೆಲ್ಲ ನಮಗೇ ಯಾಕೆ ಆಗುತ್ತದೆ ಎಂದು ಮೊದಮೊದಲು ತಲೆ ಕೆಡಿಸಿಕೊಳ್ಳುತ್ತಿದ್ದೆ. ಈಗ ಕೆಡಿಸಿಕೊಳ್ಳಲು ತಲೆಯೇ ಉಳಿದಿಲ್ಲ.

ನಾನು ಹೊಳೆನರಸೀಪುರದ ಕಡೆಯವಳು. ಹೆಣ್ಣು ನೋಡಲು ಬಂದಾಗ ಇವರು ಒಂದು ಮಾತು ಹೇಳಿದ್ದರು: "ನಮ್ಮ ಶಿರಂಗಾಲದಿಂದ ಮಡಿಕೇರಿ ಏನು ದೂರ ಇಲ್ಲ. ರಾಜಾಸೀಟಲ್ಲಿ ಸೂರ್ಯ ಮುಳುಗೋದು ತೋರಿಸ್ತೀನಿ." ಹುಡುಗನ ಮೂಗು ಒಂಚೂರು ದೊಡ್ಡದಾಯಿತಲ್ಲ ಎಂದು ಅನುಮಾನಿಸುತ್ತಿದ್ದ ನಾನು, ಆ ಸೂರ್ಯನ ಮುಖ ನೋಡಿ ಒಪ್ಪಿಕೊಂಡೆ.

ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಜಮೀನಿನ ಖಾತೆ, ಪೋಡಿ, ಸರ್ವೆ ಎಂದು ಇವರು ಮಡಿಕೇರಿಗೆ ಹೋಗುತ್ತಲೇ ಇದ್ದರು. ಕಚೇರಿ ಬಾಗಿಲು ಹಾಕಿದ ಕೂಡಲೇ ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಎಲ್ಲೆಲ್ಲಿಯವರೋ ಬಂದು ಆ ಸೂರ್ಯಾಸ್ತ ನೋಡಿಕೊಂಡು ಹೋದರು, ಪಕ್ಕದಲ್ಲೇ ಇದ್ದ ನಾನು ನೋಡಲಿಲ್ಲ. ಮೊನ್ನೆ ಹಟ ಹಿಡಿದೆ. ಹಸು ಕರೆಯುವ ಕೆಲಸವನ್ನು ಒಂದು ದಿನದ ಮಟ್ಟಿಗೆ ಮಗಳಿಗೆ ಒಪ್ಪಿಸಿ ಹೊರಟೇಬಿಟ್ಟೆವು.

ಕವರು

ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಹೊರಗೆ ಬಂದರೆ ಇವರ ಕಂಕುಳಲ್ಲಿ ಆ ಹಳೆಯ ಪ್ಲಾಸ್ಟಿಕ್ ಕವರು! ಒಳಗೆ ಪಹಣಿ, ಆಧಾರ್, ರೇಷನ್ ಕಾರ್ಡು, ಎಲ್ಲದರ ಜೆರಾಕ್ಸು, ಪಾಸ್‌ಪೋರ್ಟ್ ಸೈಜಿನ ಫೋಟೋಗಳು.

"ರೀ, ನಾವು ಊರು ನೋಡಕ್ಕೆ ಹೋಗ್ತಿರೋದು. ಇದ್ಯಾಕೆ?"

"ಮಡಿಕೇರಿಗೆ ತಾನೆ ಹೋಗ್ತಿರೋದು? ನಿಂಗೊತ್ತಿಲ್ಲ, ಸುಮ್ನಿರೆ. ಜೆರಾಕ್ಸ್ ಕೊಟ್ರೆ ಒರಿಜಿನಲ್ ಕೇಳ್ತಾರೆ, ಒರಿಜಿನಲ್ ಕೊಟ್ರೆ ಜೆರಾಕ್ಸ್ ಕೇಳ್ತಾರೆ. ಎರಡೂ ಇರ್ಬೇಕು."

ಕುಶಾಲನಗರದಲ್ಲಿ ಮಡಿಕೇರಿ ಬಸ್ಸು ಹತ್ತಿದೆವು. ಕಂಡಕ್ಟರಿಗೆ ಇವರ ಪರಿಚಯವೂ ಇತ್ತು, ಕವರಿನ ಪರಿಚಯವೂ ಇತ್ತು.

"ಏನ್ ಯಜಮಾನ್ರೇ, ಇವತ್ತು ಯಾವ ಫೈಲು?"

ಇವರು ಕವರು ಎತ್ತಲಿಲ್ಲ. ನನ್ನ ಕಡೆ ಕೈ ತೋರಿಸಿದರು.

"ಇದು. ಇಪ್ಪತ್ತೆರಡು ವರ್ಷದಿಂದ ಪೆಂಡಿಂಗು."

ಕೋಟೆಯ ಕಂಬ

ಮೊದಲು ಕೋಟೆಗೆ ಹೋದೆವು. ಮುಂಚೆ ಸರ್ಕಾರಿ ಕಚೇರಿಗಳು ಅದರ ಒಳಗೇ ಇದ್ದವು. ಹಾಗಾಗಿ ಇವರು ಮಾವನ ಮನೆಗೆ ಬಂದ ಅಳಿಯನ ಹಾಗೆ ಎದೆಯುಬ್ಬಿಸಿ ನಡೆದರು. "ಇಲ್ಲಿ ಅರ್ಜಿ ತಗೋತಿದ್ರು. ಇಲ್ಲಿ ಸೀಲ್ ಹಾಕ್ತಿದ್ರು."

"ರಾಜರು ಎಲ್ಲಿ ಕೂರ್ತಿದ್ರು?"

"ರಾಜರದ್ದು ಗೊತ್ತಿಲ್ಲ. ಹೆಡ್ ಕ್ಲರ್ಕು ಇಲ್ಲಿ ಕೂರ್ತಿದ್ರು."

ಅಂಗಳದ ಮೂಲೆಯಲ್ಲಿ ನಿಜವಾದ ಆನೆಯಷ್ಟೇ ದೊಡ್ಡ ಗಾರೆಯ ಆನೆಗಳು ಎರಡಿವೆ. ಅವನ್ನು ನೋಡಿ ಇವರು ಗಕ್ಕನೆ ನಿಂತರು.

"ಇವನ್ನ ಯಾವಾಗ ತಂದಿಟ್ರು?"

ಅಲ್ಲೇ ಕಸ ಗುಡಿಸುತ್ತಿದ್ದವರು ನಕ್ಕರು. "ರಾಜರ ಕಾಲದಿಂದ್ಲೂ ಇಲ್ಲೇ ಅದಾವಲ್ಲ ಸ್ವಾಮಿ!"

ಇವರು ಹತ್ತಿರ ಹೋಗಿ ಒಂದು ಆನೆಯ ಹಿಂಗಾಲನ್ನು ಸವರಿದರು. ಗುರುತು ಹತ್ತಿತು. "ಅಯ್ಯೋ, ಇದಕ್ಕೆ ಒರಗಿಕೊಂಡು ಎಷ್ಟು ಸಲ ಬುತ್ತಿ ತಿಂದಿದೀನಿ ಕಣೆ! ಕಂಬ ಅಂದ್ಕೊಂಡಿದ್ದೆ. ತಲೆ ಎತ್ತಿ ನೋಡೇ ಇರ್ಲಿಲ್ಲ."

ಫೋಟೋ

ಓಂಕಾರೇಶ್ವರನಿಗೆ ಕೈ ಮುಗಿದು ಪೇಟೆಯ ಕಡೆ ಬರುವಾಗ ದಾರಿಯಲ್ಲಿ ಒಂದು ಕ್ಯೂ ಕಂಡಿತು. ನಮ್ಮ ಯಜಮಾನರಿಗೆ ಕ್ಯೂ ಕಂಡರೆ ಇರುವೆಗೆ ಬೆಲ್ಲ ಕಂಡ ಹಾಗೆ. "ಮೊದ್ಲು ನಿಂತ್ಕೊಳೆ, ಯಾಕೆ ಅಂತ ಆಮೇಲೆ ಕೇಳೋಣ" ಎಂದು ನನ್ನನ್ನು ಎಳೆದು ನಿಲ್ಲಿಸಿದರು.

ಎಲ್ಲ ಹೊಸ ಜೋಡಿಗಳು. ಬಿಸಿಲಲ್ಲಿ ಇಪ್ಪತ್ತು ನಿಮಿಷ ನಿಂತ ಮೇಲೆ ಗೊತ್ತಾಯಿತು, ಯಾವುದೋ ಹೋಟೆಲಿನವರು ಬಾಗಿಲಲ್ಲಿ ಹೂವಿನ ಕಮಾನು ಕಟ್ಟಿದ್ದಾರೆ, ಅದರ ಕೆಳಗೆ ನಿಂತು ಫೋಟೋ ಹೊಡೆಸಿಕೊಳ್ಳಲು ಈ ಕ್ಯೂ. ನಮ್ಮ ಸರದಿ ಬಂದಾಗ ಹಿಂದಿದ್ದ ಹುಡುಗಿ ಒಳ್ಳೆಯ ಮನಸ್ಸಿನಿಂದ, "ಅಂಕಲ್, ಫೋಟೋ?" ಎಂದು ಕೈ ಚಾಚಿದಳು. ತೆಗೆದುಕೊಡುತ್ತೇನೆ, ಮೊಬೈಲು ಕೊಡಿ ಎಂದು ಅವಳ ಅರ್ಥ.

ಇವರು ಕವರು ಬಿಚ್ಚಿ ಎರಡು ಪಾಸ್‌ಪೋರ್ಟ್ ಫೋಟೋ ಅವಳ ಕೈಗಿಟ್ಟರು. "ಎರಡು ಸಾಕಾ, ನಾಲ್ಕು ಬೇಕಾ?"

ಆ ಹುಡುಗಿ ನಕ್ಕು ನಕ್ಕು ಸುಧಾರಿಸಿಕೊಂಡು, ಕೊನೆಗೆ ನನ್ನ ಮೊಬೈಲಿನಲ್ಲೇ ತೆಗೆದುಕೊಟ್ಟಳು. ಇವರು ಎರಡೂ ಕಿವಿ ಕಾಣುವ ಹಾಗೆ ಕತ್ತು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಹೂವಿನ ಕಮಾನಿನ ಕೆಳಗೆ ಹೊಸ ರೇಷನ್ ಕಾರ್ಡಿಗೆ ಅರ್ಜಿ ಹಾಕಿದ ಹಾಗಿದೆ.

ಸಾಕ್ಷಿ

ಊಟಕ್ಕೆ ಇವರು ಕರೆದೊಯ್ದದ್ದು ಯಾವಾಗಲೂ ಹೋಗುವ ಸಣ್ಣ ಹೋಟೆಲಿಗೆ. ಮಾಲೀಕರು ಕೇರಳದ ಕಡೆಯವರು. ಇಷ್ಟು ವರ್ಷ ಒಬ್ಬರೇ ಬರುತ್ತಿದ್ದವರ ಜೊತೆ ಹೆಂಗಸನ್ನು ನೋಡಿ ಮುಖ ಅರಳಿಸಿದರು.

"ಓ, ಚೇಟಾ! ಇವತ್ತು ಸಾಕ್ಷೀನೂ ಕರ್ಕೊಂಡೇ ಬಂದ್ರಾ?"

ನಾನೇ ಹೇಳಿದೆ, "ಹೌದು, ಇವರು ಮಾಡಿದ್ದಕ್ಕೆಲ್ಲ ನಾನೊಬ್ಳೇ ಸಾಕ್ಷಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿ ಒಳಗೆ ಕೂಗಿದರು, "ಚೇಚಿಗೆ ಒಂದು ಮೀನು ಜಾಸ್ತಿ ಹಾಕು. ಪಾವಂ, ಪಾಪ."

ನಾಳೆ ಬನ್ನಿ

ಐದು ಗಂಟೆಗೇ ರಾಜಾಸೀಟಿಗೆ ಹೋಗಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದು ಕುಳಿತೆವು. ಎದುರಿಗೆ ಬೆಟ್ಟದ ಹಿಂದೆ ಬೆಟ್ಟ. ಸೂರ್ಯ ಇನ್ನೂ ಎರಡು ಮಾರು ಮೇಲಿದ್ದ. ನನಗೆ ಮದುವೆಯ ದಿನವೂ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದಿತು. ಮೊದಲು ಬೆಟ್ಟ ಹೋಯಿತು, ಆಮೇಲೆ ಸೂರ್ಯ ಹೋದ, ಆಮೇಲೆ ಎದುರಿನ ಮರ ಹೋಯಿತು. ಕೊನೆಗೆ ಪಕ್ಕದಲ್ಲಿ ಕುಳಿತ ಗಂಡನ ಮುಖವೂ ಮಸುಕಾಯಿತು. ಮೂಗು ಮಾತ್ರ ಕಾಣುತ್ತಿತ್ತು.

ಜನ ಒಬ್ಬೊಬ್ಬರೇ ಎದ್ದು ಹೋದರು. ನಾನು ಏಳಲಿಲ್ಲ. ಕತ್ತಲಾಗುವ ಹೊತ್ತಿಗೆ ಕಾವಲುಗಾರ ಸೀಟಿ ಊದುತ್ತ ಬಂದ.

"ಇನ್ನು ಇವತ್ತು ಕಾಣಲ್ಲ ಅಮ್ಮ. ನಾಳೆ ಬನ್ನಿ."

ನನಗೆ ಅಳುವೇ ಬಂದುಬಿಟ್ಟಿತು. ಇವರು ಸಮಾಧಾನಕ್ಕೆಂದು, "ಬಿಡೆ, ಇನ್ನೊಂದ್ಸಲ ಯಾವಾಗ್ಲಾದ್ರೂ ಬಂದ್ರಾಯ್ತು" ಎಂದರು. ಆ "ಇನ್ನೊಂದ್ಸಲ" ಕೇಳಿದ್ದೇ ನನ್ನ ಅಳು ಸಿಟ್ಟಾಯಿತು.

"ರೀ, ಕಚೇರಿಯವ್ರು ನಾಳೆ ಬನ್ನಿ ಅಂದಾಗ ಯಾವತ್ತಾದ್ರೂ ಇನ್ನೊಂದ್ಸಲ ನೋಡೋಣ ಅಂದಿದ್ದೀರಾ? ಶುಂಠಿ ಕೀಳೋದು ಬಿಟ್ಟು ಮಾರನೇ ದಿನವೇ ಓಡಿ ಬಂದಿಲ್ವಾ? ಆ ಕ್ಲರ್ಕಿಗಿಂತ ನಾನು ಕಡಿಮೆ ಆದ್ನಾ?"

ಇವರು ಎದ್ದು, ಪಂಚೆ ಕೊಡವಿ, ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾವಲುಗಾರನ ಮುಂದೆ ಹೋಗಿ ನಿಂತರು. ಇಷ್ಟು ವರ್ಷದ ಅಭ್ಯಾಸ, ಮಾತು ತಾನಾಗಿ ಬಂತು.

"ಸಾರ್, ನಾಳೆ ಬರುವಾಗ ಏನೇನು ತರ್ಬೇಕು?"

ಅವನು ಕವರು ನೋಡಿದ. ಅದರಿಂದ ಇಣುಕುತ್ತಿದ್ದ ಪಹಣಿ ನೋಡಿದ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನೂ ನೋಡಿದ.

"ಅದೇನೂ ಬೇಡ ಯಜಮಾನ್ರೇ. ಇವರನ್ನ ಕರ್ಕೊಂಡ್ ಬನ್ನಿ, ಸಾಕು. ಜೆರಾಕ್ಸ್ ನಡೆಯಲ್ಲ, ಒರಿಜಿನಲ್ಲೇ ಬೇಕು."