ಮಾವನ ವ್ಯಾಖ್ಯಾನ ಮತ್ತು ನಮ್ಮ ಮನೆಯ ಕಟ್ಟೆ

ನೀವು ಮನೆ ಕಟ್ಟಿಸುವವರಿದ್ದರೆ ನನ್ನದೊಂದು ಪುಕ್ಕಟೆ ಸಲಹೆ: ಸಿಮೆಂಟಿನ ದರ ಆಮೇಲೆ ಕೇಳಿ, ಮೊದಲು ನನ್ನ ಸೋದರಮಾವನ ಕಿವಿಗೆ ಸುದ್ದಿ ಬೀಳದಂತೆ ನೋಡಿಕೊಳ್ಳಿ! ಬಿದ್ದರೆ ನಿಮ್ಮ ಬಾಗಿಲ ಮುಂದೆ ಬಹಿರಂಗ ವ್ಯಾಖ್ಯಾನ, ಅಂದರೆ ಉದ್ದನೆಯ ಭಾಷಣ, ಗ್ಯಾರಂಟಿ.

ಮಾವ ಮರಾಠಿ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು. ನಿವೃತ್ತರಾದ ಮೇಲೆ ಗಡಿಯಂಚಿನ ನಮ್ಮ ಜತ್ತ ತಾಲೂಕಿನ ಗೋಡೆ, ಕಿಟಕಿ, ಅಂಗಡಿಯ ಬೋರ್ಡುಗಳನ್ನೆಲ್ಲ ತಿದ್ದಲು ಹೊರಟರು. ಪ್ರತಿ ರವಿವಾರ ಒಂದೊಂದು ಊರಿನಲ್ಲಿ ‘ವ್ಯಾಖ್ಯಾನ ಮತ್ತು ಚರ್ಚೆ’. ವ್ಯಾಖ್ಯಾನ ಎರಡು ತಾಸು. ಚರ್ಚೆ, ಅವರು ನೀರು ಕುಡಿಯುವಷ್ಟು ಹೊತ್ತು! ತಿಕೋಂಡಿಯ ಬಸ್ ನಿಲ್ದಾಣದಲ್ಲಿ ಒಮ್ಮೆ ಊರ ಹೆಸರಿನ ಫಲಕದ ಅಕ್ಷರಗಳ ಅಂದಚಂದದ ಬಗ್ಗೆ ಮಾತಾಡಿದರು. ಬಸ್ಸು ಅರ್ಧ ತಾಸು ತಡ. ಪ್ರಯಾಣಿಕರು ಡ್ರೈವರನನ್ನು ಹುಡುಕಿದರೆ, ಅವನು ಮಾವನ ಎದುರಿಗೇ ಕುಳಿತು ತಲೆದೂಗುತ್ತಿದ್ದ!

ನನ್ನದು ಟೈಲ್ಸ್ ಅಂಗಡಿ. ಕೈಗಾಡಿಯಲ್ಲಿ ಪಾತ್ರೆ ಮಾರಿ ಮೇಲೆ ಬಂದವನು. ಗಿರಾಕಿಯ ಮುಖ ನೋಡಿಯೇ ಅವನು ಎಷ್ಟಕ್ಕೆ ಒಪ್ಪುತ್ತಾನೆಂದು ಹೇಳಬಲ್ಲೆ. ಕುಣಿಕೋಣೂರಿನವನೊಬ್ಬ ಫಳಫಳ ಹೊಳೆಯುವ ಟೈಲ್ಸಿಗೆ ಒಪ್ಪಿ ಜೇಬಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಮಾವ ಹಾಜರ್!

“ಅಣ್ಣಾರ, ಮನ್ಯಾಗ ಮುದುಕರು ಅದಾರೇನ್ರಿ?”

“ಅದಾರ್ರಿ, ನಮ್ಮಪ್ಪ.”

“ಮತ್ತ ಇದರ ಮ್ಯಾಲ ಅಪ್ಪನ್ನ ನಡಸ್ತೀರೋ, ಜಾರಸ್ತೀರೋ?”

ಗಿರಾಕಿಯ ಕೈ ಖಾಲಿಯಾಗಿಯೇ ಹೊರಬಂತು.

“ಮಾಮಾ, ನೀವು ನನಗ ಮಾಮಾನೋ, ಎದುರಂಗಡಿಯವಗೋ?” ಎಂದೆ.

“ಚಂದಕ್ಕ ಬೀಗರು ನೆಂಟರು ಇಲ್ಲೋ ಅಳಿಯಾ!”

ಇಂಥವರು ಕಳೆದ ತಿಂಗಳು ನನ್ನ ಮನೆಗೇ ವಕ್ಕರಿಸಿದರು. ಮನೆಯ ಮುಂದಿನ ಹಳೆಯ ಕಟ್ಟೆ ಕೆಡವಿ, ಷಟರ್ ಹಾಕಿಸಿ, ಅಂಗಡಿ ಮಾಡಿ ಬಾಡಿಗೆಗೆ ಕೊಡುವುದು ನನ್ನ ಲೆಕ್ಕಾಚಾರ. ಕಲ್ಲು ಕಟ್ಟುವ ಗೌಂಡಿ ಹಾರೆ ಹಿಡಿದು ನಿಂತಿದ್ದ. ಮಾವ ತಮ್ಮ ಕೋಲು ಅಡ್ಡ ಹಿಡಿದರು.

“ಚರ್ಚಾ ಆಗೂತನಕ ಒಂದ ಕಲ್ಲೂ ಅಲಗಾಡಬಾರ್ದು!”

“ಅರ್ಧ ತಾಸು ಕೊಡ್ತೀನ್ರಿ ಮಾಮಾ.”

“ಎರಡು!”

ಒಂದು ತಾಸಿಗೆ ಸೌದಾ ಕುದುರಿತು. ಓಣಿಯೆಲ್ಲ ಸೇರಿತು. ಚಹಾದ ಖರ್ಚು, ಕೇಳಬೇಕೇ, ನನ್ನದೇ!

ಮಾವನ ಕೋಲು ಕಟ್ಟೆಯ ಮೂಲೆಗೆ ಹೋಯಿತು. ಅಲ್ಲಿ ಒಂದು ಕಲ್ಲು ಹೆಚ್ಚಾಗಿ, ಬೆನ್ನ ಮೇಲಿನ ಗೂನಿನಂತೆ ಎದ್ದು ನಿಂತಿದೆ. “ನೋಡ್ರಿ! ನೆಟ್ಟಗಿನ ಗೆರಿ ನೋಡಿ ನೋಡಿ ಕಣ್ಣು ದಣೀತಾವ. ಅದಕ್ಕ ವಿಶ್ರಾಂತಿ ಸಿಗಲಿ ಅಂತ ಕಟ್ಟಿದಾಂವ ಇಲ್ಲಿ ಈ ಕಲ್ಲ ಇಟ್ಟಾನ!”

“ಕಣ್ಣಿಗಿ ವಿಶ್ರಾಂತಿ ಖರೆ ಮಾಸ್ತರ್ರ,” ಎಂದ ಕುರಿ ಕಾಯುವ ಹಿರಿಯ, “ನನ್ನ ಮೊಣಕೈಗೆ ಮೂರ ಸಲ ಬಡದದ!”

ಓಣಿಯೆಲ್ಲ ನಕ್ಕಿತು. “ಆಗಿನ ಗೌಂಡಿ ಕುಡದ ಕಟ್ಯಾನ,” ಎಂದು ನಾನೂ ಒಗ್ಗರಣೆ ಹಾಕಿದೆ. ಮಾವನ ಮುಖ ಕೆಂಪಾಯಿತು.

ಆಗ ಚಹಾದ ತಾಟು ಹಿಡಿದು ಅವ್ವ ಹೊರಬಂದಳು.

“ಯಾರೂ ಕುಡದ ಕಟ್ಟಿಲ್ಲ. ನಿಮ್ಮಪ್ಪ ಇಟ್ಟ ಕಲ್ಲದು. ಕಬ್ಬು ಕಡಿಯಾಕ ಹೋದ್ರ ತಿಂಗಳಗಟ್ಟಲೆ ಬರ್ತಿದ್ದಿಲ್ಲ. ನಾ ಕಾಯಿಪಲ್ಯದ ಬುಟ್ಟಿ ಹೊತ್ತ ಬಂದ್ರ ತಲಿ ಮ್ಯಾಲಿಂದ ಇಳಸಾಕ ಒಬ್ಬರನ್ನ ಕರೀಬೇಕಿತ್ತು. ‘ನಾ ಇಲ್ಲದಾಗ ಈ ಕಲ್ಲ ಕೈ ಹಚ್ಚತದ’ ಅಂತ ನನ್ನ ನಡು ಮಟ್ಟ ನೋಡಿ ಏರಿಸಿದ್ರು.”

ನಾನು ಆ ಕಲ್ಲಿನತ್ತ ತಿರುಗಿ ನೋಡಿದೆ.

“ಯವ್ವಾ, ಇಷ್ಟ ದಿವಸ ಯಾಕ ಹೇಳಲಿಲ್ಲ?”

“ನೀ ಎಲ್ಲಿ ಕೇಳಿದಿ? ಬಾಡಿಗಿ ಬರ್ತದ ಅಂದಿ, ಸುಮ್ಮನಾದೆ.”

ಇನ್ನೊಬ್ಬರ ಮಾತಿಗೆ ಎಂದೂ ಕಿವಿಗೊಡದ ಮಾವ ಕೋಲು ಗೋಡೆಗೆ ಒರಗಿಸಿ, ಟಿಪ್ಪಣಿಯ ವಹಿ ತೆರೆದು ನೆಲದ ಮೇಲೆಯೇ ಕುಳಿತರು. “ಅಕ್ಕಾ, ಇನ್ನೊಮ್ಮೆ ಹೇಳು. ಸಾವಕಾಶ ಹೇಳು.”

ಅವ್ವ ಹೇಳುತ್ತ ಹೇಳುತ್ತ, ಬಗ್ಗದೆ, ಆ ಕಡೆ ನೋಡದೆ, ತಾಟನ್ನು ಆ ಕಲ್ಲಿನ ಮೇಲಿಟ್ಟಳು. ಸರಿಯಾಗಿ ಕುಳಿತಿತು.

ಗೌಂಡಿಗೆ ಹಾರೆ ಕೆಳಗಿಡಲು ಹೇಳಿದೆ. ಷಟರಿನವನಿಗೆ ಫೋನ್ ಮಾಡಿ ಬೇಡವೆಂದೆ. ಅವನು ದರ ಇಳಿಸಿದ, ಮತ್ತೂ ಇಳಿಸಿದ. ನಾನು ಫೋನನ್ನು ಕಿವಿಗೆ ಹಿಡಿದು, ಅವ್ವ ಆ ಕಲ್ಲಿನ ಮೇಲಿಂದ ಒಂದೊಂದೇ ಕಪ್ಪನ್ನು ಎತ್ತಿ ಕೊಡುವುದನ್ನು ನೋಡುತ್ತ ನಿಂತಿದ್ದೆ.