ತಿರುಗಿ ನೋಡಿದರೆ ಕಾಣುವ ಬಾಣ

ಸುಳ್ಳಿನಲ್ಲಿ ಎರಡು ಬಗೆ. ಬಾಯಲ್ಲಿ ಹೇಳುವುದು ಒಂದು, ಬ್ರಷ್ಷಿನಲ್ಲಿ ಬರೆಯುವುದು ಇನ್ನೊಂದು. ಬಾಯಲ್ಲಿ ಹೇಳಿದ್ದನ್ನು ಮಾರನೆಯ ದಿನ ‘ನಾನೆಲ್ಲಿ ಹಂಗಂದೆ’ ಎಂದು ಜಾರಿಕೊಳ್ಳಬಹುದು. ಆಯಿಲ್ ಪೇಂಟಿನಲ್ಲಿ ಬರೆದ ಸುಳ್ಳು ಮೂರು ಮಳೆಗಾಲ ಕಳೆದರೂ ಅಲ್ಲೇ ನಿಂತು ಹಲ್ಲು ಕಿರಿಯುತ್ತದೆ. ಕುಣಿಗಲ್ಲಿನಲ್ಲಿ ಇಪ್ಪತ್ತು ವರ್ಷದಿಂದ ಬೋರ್ಡು ಬರೆಯುತ್ತಿರುವ ನನಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ನಾನು ಓದಿದ್ದು ಏಳನೆಯ ಕ್ಲಾಸು. ಮೇಷ್ಟ್ರು ನನ್ನ ಉತ್ತರ ಪತ್ರಿಕೆಯನ್ನು ಎತ್ತಿ ಹಿಡಿದು, “ಅಕ್ಷರ ನೋಡ್ರೋ, ಮುತ್ತು ಪೋಣಿಸ್ದಂಗವೆ. ಉತ್ತರ ಮಾತ್ರ ನೋಡ್ಬೇಡಿ” ಎನ್ನುತ್ತಿದ್ದರು. ನನ್ನ ಬದುಕು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಫ್ಲೆಕ್ಸ್ ಬಂದ ಮೇಲೆ ಅಂಗಡಿಗಳ ಬೋರ್ಡುಗಳು ಕೈತಪ್ಪಿ ಹೋದವು. ಈಗ ಲಾರಿಯ ಬೆನ್ನಿಗೆ ‘ಹಾರ್ನ್ ಮಾಡಿ’, ಖಾಲಿ ಸೈಟಿನ ಕಾಂಪೌಂಡಿಗೆ ‘ಇಲ್ಲಿ ಕಸ ಹಾಕಬೇಡಿ’, ಇಷ್ಟೇ ನನಗೆ ಉಳಿದಿರುವ ಸಾಹಿತ್ಯ. ಕಸ ಹಾಕುವವರು ನನ್ನ ಅಕ್ಷರವನ್ನು ಮೆಚ್ಚಿಕೊಂಡೇ ಹಾಕುತ್ತಾರೆ ಎಂಬುದೊಂದು ಸಮಾಧಾನ.

ನನ್ನ ತಂಗಿ ಸುಮಿತ್ರ ತುಮಕೂರಿನ ಅಂತರಸನಹಳ್ಳಿಯಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಎರಡು ವರ್ಷದ ಹಿಂದೆ ಅವಳು ಗೇರ್ ಸೈಕಲ್ಲು ತಗೊಂಡಳು. ಅದರ ಟೈರು ನೋಡಿದರೆ ಟ್ರ್ಯಾಕ್ಟರಿಗೆ ಹತ್ತಿರದ ಸಂಬಂಧಿ ಎನ್ನಬೇಕು. ಟಾರು ರಸ್ತೆಯಲ್ಲಿ ಓಡಿಸಿದರೆ ಆ ಸೈಕಲ್ಲಿಗೆ ಅವಮಾನವಂತೆ. ಅದಕ್ಕೆ ಗುಡ್ಡ ಬೇಕು, ಕೊರಕಲು ಬೇಕು, ದನ ನಡೆಯುವ ದಾರಿ ಬೇಕು. ನಮ್ಮಮ್ಮ, “ಆ ದಾರೀಲಿ ಹೋಗಕ್ಕೆ ಮೇಕೆನೂ ಒಂದ್ಸಲ ಯೋಚನೆ ಮಾಡ್ತದೆ, ಇವಳು ಹೆಲ್ಮೆಟ್ ಹಾಕ್ಕೊಂಡು ಹೊಯ್ತಾಳೆ” ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಾಳೆ. ಅದು ದೂರೋ ಜಂಬವೋ ನನಗೆ ಇನ್ನೂ ತಿಳಿದಿಲ್ಲ.

ಸುಮಿ ಸೈಕಲ್ಲು ಹತ್ತಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ. ಅದಕ್ಕೊಂದು ಹಳೆಯ ಕಾರಣವಿದೆ. ಅವಳಿಗೆ ಹನ್ನೆರಡು ವರ್ಷವಿದ್ದಾಗ ಅಪ್ಪನ ಸೈಕಲ್ಲಿನಲ್ಲಿ ಕಲಿಸಿಕೊಡುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ. ಹಿಂದಿನಿಂದ ಸೀಟು ಹಿಡಿದುಕೊಂಡು ಓಡುವ ಕೆಲಸ ನನ್ನದು. ಅವಳು “ಹಿಡ್ಕೊಂಡಿದೀಯಾ ಅಣ್ಣ?” ಎನ್ನುವಳು, ನಾನು “ಹಿಡ್ಕೊಂಡಿದೀನಿ, ನೀನು ತುಳಿಯೇ!” ಎನ್ನುವೆ. ಒಂದು ದಿನ ಬೀದಿಯಲ್ಲಿ ಒಬ್ಬ ಪೇಂಟರು ಅಂಗಡಿಯ ಬೋರ್ಡಿಗೆ ‘ಶ್ರೀ’ ಬರೆಯುತ್ತಿದ್ದ. ಆ ಶ್ರೀಯ ಸುಳಿ ನೋಡುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ನಿಂತಲ್ಲಿಂದಲೇ “ಹಿಡ್ಕೊಂಡಿದೀನಿ” ಎಂದು ಕೂಗುತ್ತಿದ್ದೆ. ಸುಮಿ ನಂಬಿಕೊಂಡು ನೇರವಾಗಿ ಚರಂಡಿಗೆ ಹೋದಳು. ಗಲ್ಲಕ್ಕೆ ಮೂರು ಹೊಲಿಗೆ ಬಿತ್ತು. ಮನೆಯಲ್ಲಿ ನಾನು ನಾಯಿ ಅಡ್ಡ ಬಂತು ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಇಪ್ಪತ್ತು ವರ್ಷ ಸೈಕಲ್ ಮುಟ್ಟಲಿಲ್ಲ. ಇಲ್ಲದ ಆ ನಾಯಿ ನನ್ನನ್ನು ಇವತ್ತಿಗೂ ಅಟ್ಟಿಸಿಕೊಂಡು ಬರುತ್ತದೆ.

ಈಗ ಈಚಿನ ವಿಷಯಕ್ಕೆ ಬರುತ್ತೇನೆ. ಸುಮಿಯೂ ಸೇರಿ ಕಾರ್ಖಾನೆಯ ಎಂಟು ಜನ ಭಾನುವಾರ ಸೈಕಲ್ ಹೊಡೆಯುತ್ತಾರೆ. ಅವರಿಗೆ ಲೀಡರು ಸೂಪರ್‌ವೈಸರ್ ಲೋಕೇಶ್. ಆತ ಎಲ್ಲರನ್ನೂ ಪ್ರತಿ ವಾರ ಗುಬ್ಬಿಗೆ ಕರೆದೊಯ್ದು, ದೋಸೆ ತಿನ್ನಿಸಿ, ವಾಪಸ್ಸು ತರುತ್ತಿದ್ದ. ಆ ರಸ್ತೆಯಲ್ಲಿ ಗುಡ್ಡವಿಲ್ಲ, ದೋಸೆ ಮಾತ್ರ ಚೆನ್ನಾಗಿದೆ. ಸುಮಿ ಜಗಳವಾಡಿ ಒಂದು ಭಾನುವಾರ ತನ್ನ ಪಾಲಿಗೆ ತೆಗೆದುಕೊಂಡಳು. ಹುಲಿಯೂರುದುರ್ಗದ ಕಡೆ ಹೋಗುವಾಗ ಸಿಗುವ ಕಂಬದಗುಡ್ಡವನ್ನು ಆರಿಸಿದಳು. ಅದರ ತುದಿಯಲ್ಲಿ ಬಸವಣ್ಣನ ಗುಡಿಯಿದೆ. ಒಂದು ಮಗ್ಗುಲಿಗೆ ಟಾರು ರಸ್ತೆ, ಇನ್ನೊಂದು ಮಗ್ಗುಲಿಗೆ ದನ ಕಾಯುವವರ ಕಾಲುದಾರಿ. ನಾನು ಚಿಕ್ಕವನಿದ್ದಾಗ ಸೌದೆಗೆ ಹೋಗುತ್ತಿದ್ದ ಗುಡ್ಡವದು.

“ಹೊಸಬರು ಇಳಿಜಾರಲ್ಲಿ ಬ್ರೇಕ್ ಅದುಮಿ ಮುಂದಕ್ಕೆ ಹಾರ್ತಾರೆ ಅಣ್ಣ. ಅದಕ್ಕೆ ಹತ್ತೋದು ಕಾಲುದಾರೀಲಿ, ಇಳಿಯೋದು ಟಾರ್ ರೋಡಲ್ಲಿ. ಏಳು ಕಡೆ ದಾರಿ ಕವಲೊಡೆಯುತ್ತೆ, ಆ ಕಡೆ ಫೋನಿಗೆ ನೆಟ್‌ವರ್ಕೂ ಸಿಗಲ್ಲ. ಕವಲಿಗೊಂದು ಬಂಡೆ ಮೇಲೆ ಬಾಣ ಬರ್ದುಕೊಡು” ಎಂದಳು. ಮತ್ತೆ, “ನಡ್ಕೊಂಡು ಹತ್ತಿ ಬರೀಬೇಕು ಕಣೋ, ಹತ್ತೋರ ಕಣ್ಣಲ್ಲಿ ನೋಡ್ಬೇಕು. ದಾರಿ ತಪ್ಪಿದ್ರೆ ಮುಗೀತು, ಇನ್ಮೇಲೆ ಬರೀ ಗುಬ್ಬಿ ದೋಸೇನೇ” ಎಂದಳು.

ಶುಕ್ರವಾರ ಪೇಂಟ್ ಡಬ್ಬ ಹಿಡಿದು ಗುಡ್ಡದ ಬುಡಕ್ಕೆ ಹೋದೆ. ತಲೆಯೆತ್ತಿ ನೋಡಿದೆ. ನಾನು ಸೌದೆ ಹೊರುತ್ತಿದ್ದ ಕಾಲಕ್ಕಿಂತ ಗುಡ್ಡ ಬೆಳೆದಿತ್ತು, ನನ್ನ ಹೊಟ್ಟೆಯೂ ಬೆಳೆದಿತ್ತು. ಅಷ್ಟರಲ್ಲಿ ಗೆಳೆಯ ಗಂಗನ ಟೆಂಪೋ ಗುಡಿಗೆ ಸಿಮೆಂಟು ಹೊತ್ತುಕೊಂಡು ಟಾರು ರಸ್ತೆಯಲ್ಲಿ ಹೊರಟಿತ್ತು. “ಹತ್ಲಾ ಆರ್ಟಿಸ್ಟು” ಎಂದ. ಹತ್ತುವುದಕ್ಕೂ ಇಳಿಯುವುದಕ್ಕೂ ದಾರಿ ಒಂದೇ ತಾನೇ ಎಂದು ನನ್ನ ಏಳನೆಯ ಕ್ಲಾಸಿನ ಬುದ್ಧಿ ಹೇಳಿತು. ಟೆಂಪೋದಲ್ಲಿ ತುದಿಗೆ ಹೋಗಿ, ಕಾಲುದಾರಿಯಲ್ಲಿ ಮೇಲಿನಿಂದ ಬರೆಯುತ್ತಾ ಇಳಿದೆ. ಮೊದಲನೆಯ ಬಾಣಕ್ಕೆ ಕೆಂಪು ಔಟ್‌ಲೈನು, ಕಪ್ಪು ನೆರಳು, ಬಾಲದಲ್ಲೊಂದು ಹೂವು. ಇಳಿಯುತ್ತಾ ಹೋದಂತೆ ಪೇಂಟೂ ಉತ್ಸಾಹವೂ ಕಡಿಮೆಯಾಗಿ, ಬುಡದ ಬಾಣ ಕಾಗೆ ಹಾಕಿದ ಗುರುತಿನಂತಾಯಿತು. ಸಂಜೆ ಸುಮಿ ಫೋನು ಮಾಡಿದಳು. “ಹತ್ತಿದ್ಯಾ ಅಣ್ಣ?” “ಉಸ್ಸಪ್ಪಾ, ಮಂಡಿ ಬಿದ್ದೋಯ್ತು ಕಣೇ” ಎಂದೆ. “ಅಯ್ಯೋ ಪಾಪ, ಬಿಸಿನೀರು ಹಾಕ್ಕೊಂಡು ಮಲಕ್ಕೋ” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನೋಯದ ಮಂಡಿಗೆ ಅಮ್ಮನಿಂದ ಬಿಸಿನೀರು ಹಾಕಿಸಿಕೊಂಡು ಮಲಗಿದೆ.

ಭಾನುವಾರ ಬೆಳಿಗ್ಗೆ ಇಡ್ಲಿ, ಚಟ್ನಿಯ ಡಬ್ಬಗಳೊಂದಿಗೆ ಗುಡಿಯ ಮುಂದೆ ಕಾಯುವ ಕೆಲಸವೂ ನನ್ನದೇ. ಮತ್ತೆ ಗಂಗನ ಟೆಂಪೋದಲ್ಲಿ ಹೋದೆ. ಸುಮ್ಮನೆ ಕೂರಲಾರದೆ ನನ್ನ ಮೊದಲನೆಯ ಬಾಣವನ್ನು ನೋಡಲು ಹೋದೆ. ಹೂವಿನ ಬಾಲ ಬಿಸಿಲಿಗೆ ಮಿನುಗುತ್ತಿತ್ತು. ಬರೆದದ್ದನ್ನು ದೂರದಿಂದ ನೋಡಬೇಕೆಂಬುದು ನಮ್ಮ ಕಸುಬಿನ ಚಪಲ. ಬಂಡೆಯನ್ನು ದಾಟಿ ಹತ್ತು ಹೆಜ್ಜೆ ಕೆಳಗಿಳಿದು, ಕಣ್ಣು ಕಿರಿದು ಮಾಡಿ ತಿರುಗಿ ನೋಡಿದೆ. ಬರೀ ಬಂಡೆ. ಬಾಣವೂ ಇಲ್ಲ, ಬಾಲವೂ ಇಲ್ಲ. ಇಳಿಯುವವನ ಕಣ್ಣಿಗೆ ಬಿದ್ದ ಮುಖದ ಮೇಲೆಲ್ಲ ಬರೆದುಬಿಟ್ಟಿದ್ದೆ. ಹತ್ತಿ ಬರುವವರಿಗೆ ಏಳಕ್ಕೆ ಏಳು ಬಂಡೆಯೂ ಬೆನ್ನು ತೋರಿಸಿಕೊಂಡು ನಿಂತಿದ್ದವು. ಓದುವವನು ಯಾವ ಕಡೆಯಿಂದ ಬರುತ್ತಾನೆ ಎಂದು ಮೊದಲು ನೋಡು ಎಂಬುದು ಬೋರ್ಡು ಬರೆಯುವವನಿಗೆ ಹೇಳಿಕೊಡುವ ಮೊದಲನೆಯ ಪಾಠ.

ಫೋನು ಮಾಡಿದರೆ ಹೋಗಲಿಲ್ಲ. ಪೇಂಟು ಮನೆಯಲ್ಲಿ. ಗುಡಿಗೆ ಓಡಿ ಪೂಜಾರಪ್ಪನನ್ನು “ಸುಣ್ಣ ಐತಾ?” ಎಂದು ಕೇಳಿದೆ. “ಸುಣ್ಣ ಇಲ್ಲ, ಈಬತ್ತಿ ಐತೆ” ಎಂದು ಆತ ವಿಭೂತಿಯ ಗಟ್ಟಿ ಕೊಟ್ಟ. ಒಂದು ಕೈಯಲ್ಲಿ ವಿಭೂತಿ, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದು ಇಳಿಜಾರಿನಲ್ಲಿ ಓಡಿದೆ. ಒರಟು ಬಂಡೆಗೆ ಗೆರೆ ಹಿಡಿಯದು. ನೀರಲ್ಲಿ ಕಲಸಿ ಮೂರು ಬೆರಳಿನಲ್ಲಿ ಎಳೆದೆ. ಬಾಣದ ಮೂತಿ ಮೂಡುವ ಮೊದಲೇ ಮುಂದಿನ ಬಂಡೆಗೆ ಓಡಬೇಕು. ನಾಲ್ಕನೆಯ ಬಂಡೆಯ ಹತ್ತಿರ ಮೇಕೆ ಮೇಯಿಸುತ್ತಿದ್ದ ಕೆಂಪಜ್ಜಿ ಕೋಲು ಕೆಳಗಿಟ್ಟು ಕೈಮುಗಿದು ನಿಂತಿದ್ದಳು.

“ಯಾವ ದೇವ್ರು ಮಗಾ? ಇಷ್ಟು ದಿನ ಇದರ ಮೇಲೇ ಕುಂತ್ಕೊಂಡು ಎಲೆ ಅಡಿಕೆ ಹಾಕ್ತಿದ್ನಲ್ಲಪ್ಪ!”

“ಸೈಕಲ್ ದೇವ್ರು ಕಣಜ್ಜಿ! ಸೈಕಲ್ನೋರು ಈ ಕಡೆ ಬಂದ್ರಾ?”

“ಒಂದ್ಸಲ ನಮ್ಮ ಮೇಕೆ ರೊಪ್ಪಕ್ಕೆ ನುಗ್ಗಿದ್ರು. ಬೈದು ಕಳ್ಸಿದೆ. ಅಗೋ, ಹುಣಸೆಮರದ ತಾವ ಜಗಳ ಆಡ್ತವ್ರೆ.”

ಹುಣಸೆಮರ ಐದನೆಯ ಕವಲು. ಎಂಟು ಸೈಕಲ್ಲು ಮಲಗಿದ್ದವು. ಲೋಕೇಶ್ ಶೂಗೆ ಅಂಟಿದ ಹಿಕ್ಕೆಯನ್ನು ಕಡ್ಡಿಯಿಂದ ತೆಗೆಯುತ್ತಾ, “ನಿಮ್ಮಣ್ಣ ಪೇಂಟರ್ ಅಂದ್ರಿ. ಪೇಂಟೇ ಕಾಣ್ತಿಲ್ವಲ್ರೀ. ಬನ್ನಿ, ಗುಬ್ಬಿಗಾದ್ರೂ ಹೋಗೋಣ” ಎನ್ನುತ್ತಿದ್ದ. ಬೋಳು ಬಂಡೆಯ ಮುಂದೆ ಸುಮಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. “ನಮ್ಮಣ್ಣ ಬರ್ದಿದೀನಿ ಅಂದ್ರೆ ಬರ್ದಿರ್ತಾನೆ ಸಾರ್. ಮಂಡಿ ನೋವಲ್ಲೂ ಹತ್ತಿ ಬರ್ದವ್ನೆ” ಎನ್ನುತ್ತಿದ್ದಳು. ಆ ಮಾತು ನನ್ನ ಕಿವಿಗೆ ಬೀಳುವ ಹೊತ್ತಿಗೆ ನಾನು ನಿಲ್ಲಲಾಗದೆ ಜಾರಿಕೊಂಡು ಅವರ ಮಧ್ಯಕ್ಕೇ ಬಂದೆ. ಬೆವರು ಒರೆಸಿ ಒರೆಸಿ ಮುಖವೆಲ್ಲ ವಿಭೂತಿ. ಮಳೆಗೆ ತೊಳೆದುಹೋಯಿತು ಎಂದು ಹೇಳಲು ಬಾಯಿ ತೆರೆದೆ. ಮಳೆ ಬಂದು ಎರಡು ತಿಂಗಳಾಗಿತ್ತು. ನಾಯಿಯನ್ನಂತೂ ಈ ಸಲ ಕರೆಯುವಂತಿರಲಿಲ್ಲ. “ಬಂಡೆ ಹಿಂದುಗಡೆ ನೋಡೇ” ಎಂದೆ.

ಅವಳು ಬಂಡೆಯನ್ನು ಸುತ್ತಿ ಹೋದಳು. ಅಲ್ಲಿಂದಲೇ ಕೇಳಿದಳು. “ಅಣ್ಣ, ನೀನು ಹತ್ತಲಿಲ್ಲ, ಅಲ್ವಾ?”

“ಇಲ್ಲ ಕಣೇ. ಗಂಗನ ಟೆಂಪೋ. ಆವತ್ತು ನಾಯೀನೂ ಬಂದಿರಲಿಲ್ಲ.”

ಇಪ್ಪತ್ತೆರಡು ವರ್ಷದ ಸುಳ್ಳು ಹೀಗೆ ಕರೆಯದೆಯೇ ಹೊರಬಿತ್ತು. ಲೋಕೇಶ್‌ಗೆ ಯಾವ ನಾಯಿ ಎಂದು ಅರ್ಥವಾಗಲಿಲ್ಲ. ಸುಮಿ ಈಚೆ ಬಂದಳು, ಗಲ್ಲ ಸವರಿಕೊಂಡಳು. “ಸಾರ್, ಬಾಣ ಇದೆ, ಬಂದು ನೋಡಿ. ಪ್ರತಿ ಕವಲಲ್ಲೂ ಬಂಡೆ ಸುತ್ತಿ ನೋಡ್ಬೇಕು, ಅಷ್ಟೇ. ಇದು ನಮ್ಮ ರೂಟಿನ ರೂಲು” ಎಂದಳು. ನಗು ಹತ್ತಿದ್ದ ಜನ ಸೈಕಲ್ ಎತ್ತಿಕೊಂಡು ಬಂಡೆ ಸುತ್ತಿ, ಬಾಣ ಹುಡುಕುತ್ತಾ, ಮಕ್ಕಳಂತೆ ಕೇಕೆ ಹಾಕುತ್ತಾ ಹತ್ತಿದರು. ಆಮೇಲೆ ಅವಳು ತನ್ನ ಸೈಕಲ್ಲನ್ನು ನನ್ನ ಮುಂದೆ ನಿಲ್ಲಿಸಿದಳು. “ಹತ್ತು. ನಾನು ಹಿಂದೆ ಹಿಡ್ಕೊಂಡಿರ್ತೀನಿ.”

ಹತ್ತಿದೆ. ತುಳಿದೆ. “ಹಿಡ್ಕೊಂಡಿದೀಯಾ ಸುಮಿ?” “ಹಿಡ್ಕೊಂಡಿದೀನಿ, ನೀನು ತುಳಿ!” ದನಿ ಯಾಕೋ ಬಹಳ ದೂರದಿಂದ ಬಂದಂತಿತ್ತು. ತಿರುಗಿ ನೋಡಿದೆ. ಮೂವತ್ತು ಹೆಜ್ಜೆ ಹಿಂದೆ, ಅಷ್ಟರಲ್ಲಿ ಇಳಿದು ಬಂದಿದ್ದ ಕೆಂಪಜ್ಜಿಯ ಪಕ್ಕದಲ್ಲಿ ಕೂತು, ಸುಮಿ ಹುಣಸೆಕಾಯಿ ಕಚ್ಚುತ್ತಿದ್ದಳು. ನಾನು ಲಂಟಾನ ಪೊದೆಯಲ್ಲಿ ಬಿದ್ದಾಗ ಗಲ್ಲಕ್ಕೊಂದು ತರಚು ಗಾಯವಾಯಿತು. ಓಡಿ ಬಂದು ನೋಡಿ, “ಈಗ ಸಮ ಆಯ್ತು” ಎಂದಳು. ಅವಳ ಮುಖದಲ್ಲಿ ಅಷ್ಟು ಹಗುರವಾದ ನಗುವನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

ಈಗ ಕಂಬದಗುಡ್ಡದ ಭಾನುವಾರಗಳೆಲ್ಲ ಅವಳವೇ. ಲೋಕೇಶ್ ಬಾಯಿ ಮುಚ್ಚಿಕೊಂಡು ಹಿಂದೆ ಬರುತ್ತಾನೆ. ನಾಲ್ಕನೆಯ ಬಂಡೆಗೆ ಕೆಂಪಜ್ಜಿ ದಿನವೂ ಕಣಗಿಲೆ ಹೂವಿಡುತ್ತಾಳೆ. ದನ ಕಾಯುವವರು ನಿಂತು ಕೈಮುಗಿದು ಪ್ರದಕ್ಷಿಣೆ ಹಾಕುತ್ತಾರೆ. ಪ್ರದಕ್ಷಿಣೆ ಹಾಕಿದವರಿಗೆ ಹಿಂದುಗಡೆ ನನ್ನ ಬಾಣ ಕಂಡು, ಸ್ವಾಮಿ ದಾರಿ ತೋರಿಸಿದ ಎಂದು ಕೆನ್ನೆ ಬಡಿದುಕೊಳ್ಳುತ್ತಾರೆ. ಫ್ಲೆಕ್ಸ್ ಬಂದ ಮೇಲೆ ನನ್ನ ಕೈಬರಹಕ್ಕೆ ಸಿಕ್ಕಿದ ಮೊದಲ ಮರ್ಯಾದೆ ಇದು. ಇದು ದೇವರಲ್ಲ, ನನ್ನ ಸೋಮಾರಿತನ ಎಂದು ಕೆಂಪಜ್ಜಿಗೆ ಹೇಳುವ ಧೈರ್ಯ ನನಗಿಲ್ಲ. ಸುಮಿ ಮಾತ್ರ ಪ್ರತಿ ಭಾನುವಾರ ಅಲ್ಲಿ ನಿಂತು ನನ್ನಿಂದ ಮೂರು ಪ್ರದಕ್ಷಿಣೆ ಹಾಕಿಸುತ್ತಾಳೆ. ಅದೂ ಬುಡದಿಂದ ನಡೆದುಕೊಂಡು ಬಂದ ಮೇಲೆ.